ಎಣ್ಣೂರಿಗೆ ನಾಯಿ ಕಳಿಸಿದ್ದು

ನಮ್ಮ ನಾಯಿ ಮೇಲಿನ ಮಹಡಿಯವರ ಕೈಗೆ ಬಾಯಿ ಹಾಕಿದ್ದು ಲಿಫ್ಟಿನಲ್ಲಿ. ರಕ್ತ ಬರಲಿಲ್ಲ, ಹಲ್ಲಿನ ಗುರುತು ಮಾತ್ರ ಮೂಡಿತ್ತು. ಜಾಗ ಸಾಲದೆ ಅವರ ತರಕಾರಿ ಚೀಲ ನಾಯಿಯ ಸೊಂಟಕ್ಕೆ ತಗುಲಿತ್ತು, ಅಷ್ಟೆ. ಅವರು ಒಳ್ಳೆಯ ಮನುಷ್ಯರು, ಕೂಗಾಡಲಿಲ್ಲ. ಆದರೆ ಅದೇ ವಾರ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ನಮ್ಮ ಮನೆಗೆ ಬಂದು, ಸೋಫಾದ ತುದಿಯಲ್ಲಿ ಕೂತು, ಒಂದು ತಿಂಗಳೊಳಗೆ ಏನಾದರೂ ವ್ಯವಸ್ಥೆ ಮಾಡಿಕೊಳ್ಳಿ ಎಂದು ಹೇಳಿಹೋದರು. ಹೇಳುವಾಗ ಅವರ ಕಣ್ಣು ಮಂಚದ ಕೆಳಗಿದ್ದ ನಾಯಿಯ ಮೇಲೆಯೇ ಇತ್ತು.

ವೇಲಚೇರಿಯ ಆ ಮೂರನೆಯ ಮಹಡಿಯ ಮನೆಯಲ್ಲಿ ನಾವು ನಾಲ್ವರು. ನಾನು, ನನ್ನ ಗಂಡ, ಆಗ ಹನ್ನೊಂದನೆಯ ತರಗತಿಯಲ್ಲಿದ್ದ ಮಗಳು, ಮತ್ತು ನನ್ನ ಅಮ್ಮ. ಅಪ್ಪ ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಮೈಸೂರಿನಿಂದ ಮದುವೆಯಾಗಿ ಬಂದ ಅಮ್ಮನ ಕನ್ನಡದಲ್ಲಿ ಈಗ ಅರ್ಧಕ್ಕೆ ಅರ್ಧ ತಮಿಳು. ಮಗಳಂತೂ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುತ್ತಾಳೆ. ನಾಯಿಯನ್ನು ತಂದವಳೂ ಅವಳೇ. ಮೂರು ವರ್ಷದ ಹಿಂದೆ, ಮಳೆ ನೀರು ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನಿಂತಿದ್ದ ದಿನ, ರೈಲು ನಿಲ್ದಾಣದ ಮೆಟ್ಟಿಲ ಕೆಳಗೆ ಸಿಕ್ಕ ಕಂದು ಬಣ್ಣದ ಹೆಣ್ಣು ಮರಿ. ಹಿಂಗಾಲು ಕುಂಟುತ್ತಿತ್ತು. ಅಮ್ಮ ಹರಳೆಣ್ಣೆ ಬಿಸಿ ಮಾಡಿ ತಿಂಗಳುಗಟ್ಟಲೆ ತಿಕ್ಕಿದಳು. ಕುಂಟು ಹೋಯಿತು ಎಂದುಕೊಂಡೆವು. ಮಗಳಿಗೆ ಅದು ‘ಅವಳು’. ನನಗೆ ಎಷ್ಟೇ ಹತ್ತಿರವಾದರೂ ನಾಯಿ ‘ಅದು’ವೇ.

ಮೂರನೆಯ ವರ್ಷಕ್ಕೆ ಅದು ಗುರುಗುಟ್ಟಲು ಶುರುಮಾಡಿತ್ತು. ಮಲಗಿದ್ದಾಗ ಯಾರಾದರೂ ಹತ್ತಿರ ಹೋದರೆ ಗಂಟಲಲ್ಲೇ ಗುರ್ರ್ ಎನ್ನುತ್ತಿತ್ತು. ಅಮ್ಮ, “ಸರಿಯಮ್ಮ, ನಾನ್ ಪೋರೇನ್, ನೀನು ತೂಂಗು” ಎಂದು, ಅದನ್ನು ಮಲಗಲು ಬಿಟ್ಟು, ಬಳಸಿಕೊಂಡು ಆಚೆ ಹೋಗುತ್ತಿದ್ದಳು. ನನಗೆ ಮಾತ್ರ ಅದು ಸೊಕ್ಕಿನಂತೆ ಕಾಣುತ್ತಿತ್ತು. ಅನ್ನ ಹಾಕಿದ ಕೈಗೇ ಗುರುಗುಟ್ಟುತ್ತದೆಯಲ್ಲ ಎಂದು ಸಿಟ್ಟು ಬರುತ್ತಿತ್ತು.

ಕಾರ್ಯದರ್ಶಿ ಬಂದುಹೋದ ಮೇಲಿನ ಶನಿವಾರ ನಾನು ಇಬ್ಬರಿಗೆ ಫೋನ್ ಮಾಡಿದೆ.

ಮೊದಲನೆಯವರು ಒಬ್ಬ ಹೆಂಗಸು. ನಾಯಿಗಳ ನಡವಳಿಕೆಯ ವಿಷಯವನ್ನೇ ಓದಿಕೊಂಡವರು ಎಂದು ನಮ್ಮ ಪಶುವೈದ್ಯರು ನಂಬರು ಕೊಟ್ಟಿದ್ದರು. ನಾನು ನಾಯಿಯ ತೊಂದರೆ ಹೇಳಿ ಮುಗಿಸುವ ಮೊದಲೇ ಅವರು ಪ್ರಶ್ನೆ ಕೇಳತೊಡಗಿದರು. ಎಂದಿನಿಂದ ಶುರುವಾಯಿತು, ಎಲ್ಲಿ ಮಲಗುತ್ತದೆ, ಮೈಯ ಯಾವ ಭಾಗ ಮುಟ್ಟಿದಾಗ, ಮೆಟ್ಟಿಲು ಹತ್ತಲು ಹಿಂದೆಮುಂದೆ ನೋಡುತ್ತದೆಯೇ. ಹತ್ತು ನಿಮಿಷವಾದರೂ ಮುಗಿಯಲಿಲ್ಲ. ಕೊನೆಗೆ, “ಮೊದಲು ಡಾಕ್ಟರ ಹತ್ತಿರ ಪೂರ್ತಿ ತಪಾಸಣೆ ಮಾಡಿಸಿ. ಆಮೇಲೆ ನಾನು ಮನೆಗೆ ಬಂದು ನೋಡ್ತೀನಿ. ಮನೆಯವರೆಲ್ಲ ಇರಬೇಕು” ಎಂದರು.

“ಎಷ್ಟು ದಿನದಲ್ಲಿ ಸರಿಹೋಗುತ್ತೆ?” ಎಂದೆ.

“ಅದನ್ನ ನೋಡದೆ ಹೇಳೋಕಾಗಲ್ಲ. ನೋಡಿದ ಮೇಲೂ ಖಂಡಿತವಾಗಿ ಹೇಳೋಕಾಗಲ್ಲ.”

“ಗ್ಯಾರಂಟಿ ಇಲ್ವಾ?”

“ಜೀವ ಇರೋದಕ್ಕೆ ಯಾರೂ ಗ್ಯಾರಂಟಿ ಕೊಡಬಾರದು ಮೇಡಂ.”

ನನಗೆ ಅದು ಕೈಲಾಗದವರ ಮಾತಿನಂತೆ ಕೇಳಿಸಿತು. ಯೋಚಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಎರಡನೆಯವರ ನಂಬರು ಅಂತರ್ಜಾಲದಲ್ಲಿ ಸಿಕ್ಕಿತ್ತು. ಎಲ್ಲರೂ ಅವರನ್ನು ಮಾಸ್ಟರ್ ಎನ್ನುತ್ತಿದ್ದರು. ಊರಿನ ಇನ್ನೊಂದು ತುದಿಯಲ್ಲಿ, ಎಣ್ಣೂರಿನ ಕಡೆ, ಅವರದ್ದೊಂದು ತರಬೇತಿ ಜಾಗವಿತ್ತು. ಅವರು ಒಂದೇ ಪ್ರಶ್ನೆ ಕೇಳಿದರು. “ಮನೆಯಲ್ಲಿ ಯಜಮಾನ ಯಾರು, ನೀವಾ, ನಾಯಿಯಾ?” ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಇಪ್ಪತ್ತೊಂದು ದಿನ ನನ್ನ ಹತ್ತಿರ ಬಿಡಿ, ಬೇರೆ ನಾಯಿಯನ್ನೇ ವಾಪಸ್ ಕೊಡುತ್ತೇನೆ, ಗುರುಗುಟ್ಟುವುದು ಎಂದರೇನೆಂದೇ ಅದಕ್ಕೆ ಮರೆತುಹೋಗಿರುತ್ತದೆ ಎಂದರು. ಗ್ಯಾರಂಟಿ ಎಂಬ ಶಬ್ದವನ್ನು ನಾನು ಕೇಳದೆಯೇ ಮೂರು ಸಲ ಹೇಳಿದರು. ಒಂದೇ ಷರತ್ತು, ನಡುವೆ ಯಾರೂ ನೋಡಲು ಬರಬಾರದು. ಮನೆಯವರ ಮುಖ ಕಂಡರೆ ಕಲಿತದ್ದೆಲ್ಲ ಹಾಳಾಗುತ್ತದಂತೆ.

ನಾನು ಕೆಲಸ ಮಾಡುವುದು ವಿಮಾ ಕಛೇರಿಯ ಕ್ಲೇಮು ವಿಭಾಗದಲ್ಲಿ. ಇಪ್ಪತ್ತಾರು ವರ್ಷದಿಂದ ನನಗೆ ಬೇರೆ ಕೆಲಸವೇ ಇಲ್ಲ; ಜನ ಬರೆದುಕೊಟ್ಟದ್ದನ್ನು ಓದಿ, ಇದು ನಿಜವೇ, ನೋಡಿದವರು ಯಾರು, ದಾಖಲೆ ಎಲ್ಲಿ ಎಂದು ಕೇಳುವುದು. ಆಸ್ಪತ್ರೆಯ ಬಿಲ್ಲಿನಲ್ಲಿ ಒಂದು ಸಹಿ ತಪ್ಪಿದರೆ ಹಿಂದಕ್ಕೆ ಕಳಿಸುವವಳು. ಆ ಮಾಸ್ಟರಿಗೆ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಏನು ಓದಿದ್ದೀರಿ, ಯಾವ ರೀತಿ ಕಲಿಸುತ್ತೀರಿ, ನಾಯಿ ತಪ್ಪು ಮಾಡಿದಾಗ ಏನು ಮಾಡುತ್ತೀರಿ, ನಿಮ್ಮ ಹತ್ತಿರ ಬಿಟ್ಟವರ ಜೊತೆ ನಾನೊಮ್ಮೆ ಮಾತಾಡಬಹುದೇ, ಏನನ್ನೂ. ಕೇಳಿದರೆ ಬರಬಹುದಾದ ಉತ್ತರದ ಭಯ ಆಗಲೇ ನನಗಿತ್ತೇನೋ ಎಂದು ಈಗ ಅನ್ನಿಸುತ್ತದೆ.

ಮಗಳು ಒಪ್ಪಲಿಲ್ಲ. “ಏನ್ ಪಾಕ್ಕ ಕೂಡಾದು?” ಎಂದಳು. ಯಾಕೆ ನೋಡಬಾರದಂತೆ?

“ಹಾಸ್ಟೆಲಿಗೆ ಮಕ್ಕಳನ್ನ ಬಿಡಲ್ವಾ, ಹಾಗೇ ಅಂದ್ಕೋ” ಎಂದೆ.

“ಹಾಸ್ಟೆಲ್‌ಲ ವಿಸಿಟರ್ಸ್ ವಿಡುವಾಂಗ ಅಮ್ಮಾ.”

ಹಾಸ್ಟೆಲಿನಲ್ಲಿ ನೋಡಲು ಬಂದವರನ್ನು ಬಿಡುತ್ತಾರಂತೆ. ಪರೀಕ್ಷೆ ಹತ್ತಿರ ಬಂತು, ಓದಿಕೋ ಎಂದು ಗದರಿದೆ. ಸೋಮವಾರ ಅವಳು ಶಾಲೆಗೆ ಹೋದ ಮೇಲೆ ಮಾಸ್ಟರ್ ವ್ಯಾನ್ ತಂದರು. ಅವಳು ಮನೆಯಲ್ಲಿಲ್ಲದ ಹೊತ್ತನ್ನು ನಾನೇ ಆರಿಸಿ ಹೇಳಿದ್ದೆ. ನಾಯಿ ವ್ಯಾನ್ ಹತ್ತಲು ಒಪ್ಪದೆ ನಾಲ್ಕು ಕಾಲನ್ನೂ ನೆಲಕ್ಕೆ ಊರಿತು. ಮಾಸ್ಟರ್ ಹಗ್ಗವನ್ನು ಒಂದೇ ಸಲ ಮೇಲಕ್ಕೆಳೆದರು. ಅದರ ಮುಂಗಾಲು ನೆಲ ಬಿಟ್ಟಿತು. ನಾನು ಅದರ ಹಾಸಿಗೆಯ ಬಟ್ಟೆಯನ್ನು ಮಡಿಸಿ ಕೊಡಹೋದೆ. ಅದೆಲ್ಲ ಬೇಡ ಎಂದರು.

ಸಂಜೆ ಮಗಳು ಬಂದು ಖಾಲಿ ಮೂಲೆ ನೋಡಿದಳು. ಅಳಲಿಲ್ಲ. “ಎರಡನೇ ವಾರ ನಾನು ಹೋಗಿ ನೋಡ್ಕೊಂಡು ಬರ್ತೀನಿ, ಆಯ್ತಾ?” ಎಂದು ಅವಳಿಗೆ ಮಾತು ಕೊಟ್ಟೆ.

ಹಾಗೆ ಹೊರಟದ್ದು ಹನ್ನೆರಡು ದಿನದ ಮೇಲೆ, ಒಂದು ಶನಿವಾರ ಬೆಳಿಗ್ಗೆ. ವೇಲಚೇರಿಯಲ್ಲಿ ರೈಲು ಹತ್ತಿ, ಬೀಚ್ ನಿಲ್ದಾಣದಲ್ಲಿ ಗಾಡಿ ಬದಲಿಸಿ, ಎಣ್ಣೂರಿನಲ್ಲಿ ಇಳಿದು ಆಟೋ ಹಿಡಿದೆ. ವಿದ್ಯುತ್ ಸ್ಥಾವರದ ಚಿಮಣಿಗಳು, ರಸ್ತೆಯ ಬದಿಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳು, ಒಣಹಾಕಿದ ಮೀನಿನ ವಾಸನೆ. ಒಂದು ಖಾಲಿ ಸೈಟಿನ ಆಚೆ ಎತ್ತರದ ಕಾಂಪೌಂಡು, ನೀಲಿ ಬಣ್ಣದ ತಗಡಿನ ಗೇಟು. ಆಟೋದವನಿಗೆ ಕಾಯಲು ಹೇಳಿ ಗೇಟು ತಟ್ಟಿದೆ. ಯಾರೂ ತೆಗೆಯಲಿಲ್ಲ. ಫೋನ್ ಮಾಡಿದೆ. ಮಾಸ್ಟರ್ ಎತ್ತಿದರು. ಒಳಗೇ ಇದ್ದರು.

“ಯಾಕೆ ಬಂದಿರಿ ಮೇಡಂ? ಹೇಳಿದ್ದೆನಲ್ಲ. ಈಗ ನಿಮ್ಮನ್ನ ನೋಡಿದರೆ ಹನ್ನೆರಡು ದಿನದ ಕೆಲಸ ನೀರಲ್ಲಿ ಹೋಮ. ಮತ್ತೆ ಮೊದಲಿಂದ ಶುರುಮಾಡಬೇಕಾಗುತ್ತೆ. ಆಮೇಲೆ ನನ್ನ ಕೇಳಬೇಡಿ.”

“ಒಂದೇ ನಿಮಿಷ, ದೂರದಿಂದ” ಎಂದೆ.

“ನಂಬಿಕೆ ಇಲ್ಲದಿದ್ದರೆ ಈಗಲೇ ಕರ್ಕೊಂಡು ಹೋಗಿ” ಎಂದರು.

ಆ ಮಾತು ಮುಗಿಯುವ ಹೊತ್ತಿಗೆ ಒಳಗಿಂದ ಒಂದು ನಾಯಿ ಕೂಗಿತು. ಬೊಗಳಿದ್ದಲ್ಲ, ಊಳಿಟ್ಟದ್ದಲ್ಲ. ಬಾಗಿಲ ಸಂದಿಯಲ್ಲಿ ಬೆರಳು ಸಿಕ್ಕಿಕೊಂಡಾಗ ಮಗು ಕೂಗುವಂತೆ, ಒಂದೇ ಸಲ, ಮೇಲಕ್ಕೇರಿ ತಟ್ಟನೆ ನಿಂತ ಕೂಗು. ಅಲ್ಲಿ ಇನ್ನೂ ಹತ್ತಾರು ನಾಯಿಗಳಿದ್ದಿರಬೇಕು. ಆದರೂ ಅದು ನಮ್ಮದೇ ಎಂದು ನನಗೆ ಗೊತ್ತಾಯಿತು. ಮೂರು ವರ್ಷ ಒಂದೇ ಮನೆಯಲ್ಲಿದ್ದ ಜೀವದ ದನಿ ಗೊತ್ತಾಗದೆ ಇರುತ್ತದೆಯೇ. ಗೊತ್ತಾದ ಮರುಕ್ಷಣವೇ, ಇರಲಿಕ್ಕಿಲ್ಲ, ಬೇರೆ ಯಾವುದೋ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಕಾರ್ಯದರ್ಶಿಯ ಮುಖ ನೆನಪಾಯಿತು. ಇನ್ನು ಒಂಬತ್ತು ದಿನ ತಾನೇ ಎಂದು ಲೆಕ್ಕಹಾಕಿದೆ. “ಸರಿ ಮಾಸ್ಟರ್, ನೀವು ಮುಂದುವರಿಸಿ” ಎಂದೆ.

ಮುಂದುವರಿಸಿ. ಆ ಶಬ್ದವನ್ನು ನಾನೇ ಆಡಿದೆ.

ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ನಿಂತಿದ್ದಳು. “ಉಳ್ಳೆ ಪೋನಿಯಾ? ಪಾತ್ತಿಯಾ?”

“ಒಳಗೇ ಹೋಗಿದ್ದೆ. ನೋಡ್ದೆ. ಚೆನ್ನಾಗಿದೆ. ನನ್ನ ಕಂಡು ಬಾಲ ಆಡಿಸ್ತು” ಎಂದೆ.

ಅವಳ ಮುಖ ಅರಳಿತು. ತೆಳ್ಳಗಾಗಿದೆಯಾ, ಊಟ ಮಾಡುತ್ತಿದೆಯಾ, ಬೇರೆ ನಾಯಿಗಳ ಜೊತೆ ಸೇರಿದೆಯಾ ಎಂದು ಕೇಳುತ್ತಾ ಹೋದಳು. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ನೆರಳಿರುವ ದೊಡ್ಡ ಜಾಗ, ಬೇವಿನ ಮರ, ನೀರಿನ ತೊಟ್ಟಿ. ಅದೆಲ್ಲ ಎಲ್ಲಿಂದ ಬಂತೋ. ಬೇವಿನ ಮರದ ಕೆಳಗೆ ಅದು ಮಲಗಿತ್ತು ಎಂದಾಗ ಅವಳು ನನ್ನ ಭುಜಕ್ಕೆ ತಲೆ ಒರಗಿಸಿದಳು.

ಇಪ್ಪತ್ತೊಂದನೆಯ ದಿನ ನಾಯಿ ಬಂತು. ಮಾಸ್ಟರ್ ನಮ್ಮ ಕಟ್ಟಡದ ಕಾರು ನಿಲ್ಲಿಸುವ ಜಾಗದಲ್ಲಿ ಎಲ್ಲರ ಎದುರು ಪ್ರದರ್ಶನ ಕೊಟ್ಟರು. ಕೂತುಕೋ ಎಂದರೆ ಕೂತಿತು. ಮಲಗು ಎಂದರೆ ಮಲಗಿತು. ಮೇಲಿನ ಮಹಡಿಯವರು ಪಕ್ಕದಲ್ಲೇ ನಡೆದುಹೋದರೂ ತಿರುಗಿ ನೋಡಲಿಲ್ಲ. ಕಾರ್ಯದರ್ಶಿ ಚಪ್ಪಾಳೆ ತಟ್ಟಿದರು. ಅದರ ಕುತ್ತಿಗೆಯಲ್ಲಿ ಸಣ್ಣ ಕಪ್ಪು ಡಬ್ಬಿಯಿದ್ದ ದಪ್ಪ ಪಟ್ಟಿ ಇತ್ತು. ಮಾಸ್ಟರ್ ಹೋಗುವಾಗ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಒಂದು ರಿಮೋಟು ನನ್ನ ಕೈಯಲ್ಲಿಟ್ಟರು. ಮಾತು ಕೇಳದಿದ್ದರೆ ಇದನ್ನು ಒತ್ತಿ, ಸುಮ್ಮನೆ ಇರುವೆ ಕಚ್ಚಿದ ಹಾಗಿರುತ್ತೆ ಎಂದರು.

ಮೊದಲ ಸಲ ಒತ್ತಿದ್ದು ಎರಡು ದಿನದ ಮೇಲೆ. ಅಡುಗೆಮನೆಯ ಬಾಗಿಲಲ್ಲಿ ಮಲಗಿದ್ದ ನಾಯಿಯನ್ನು ದಾಟಿಹೋಗಲು ಕಾಲೆತ್ತಿದೆ. ಅದರ ಗಂಟಲಲ್ಲಿ ಸಣ್ಣ ದನಿ ಹೊರಟಿತು. ರಿಮೋಟು ನನ್ನ ಸೊಂಟದಲ್ಲೇ ಇತ್ತು. ಒತ್ತಿದೆ. ನಾಯಿ ಕುತ್ತಿಗೆ ಸೊಟ್ಟ ಮಾಡಿ, ಕಣ್ಣು ಮುಚ್ಚಿ, ಮತ್ತೆ ತೆರೆಯಿತು. ದನಿ ನಿಂತಿತು. ನನಗೆ ಸಮಾಧಾನವಾಯಿತು. ಸಮಾಧಾನವಾಯಿತು ಎಂಬುದನ್ನು ಬಿಡದೆ ಬರೆಯಬೇಕು, ಯಾಕೆಂದರೆ ಆಮೇಲೆ ಬಂದ ಪಶ್ಚಾತ್ತಾಪವನ್ನಷ್ಟೇ ಬರೆದರೆ ನಾನು ನಿಜಕ್ಕಿಂತ ಒಳ್ಳೆಯವಳಂತೆ ಕಾಣುತ್ತೇನೆ. ಆಮೇಲೆ ಹತ್ತು ಸಲವೋ ಹದಿನೈದು ಸಲವೋ ಒತ್ತಿದ್ದೇನೆ. ಮಗಳು ಶಾಲೆಯಲ್ಲಿದ್ದಾಗ.

ಮಗಳಿಗೆ ಆ ಪಟ್ಟಿ ಏನೆಂದು ನಾನು ಹೇಳಿರಲಿಲ್ಲ. ನಾಯಿ ಎಲ್ಲಿದೆ ಎಂದು ತಿಳಿಸುವ ಯಂತ್ರ ಎಂದಿದ್ದೆ. ಅವಳು ಚೆಂಡು ಉರುಳಿಸಿದರೆ ನಾಯಿ ಚೆಂಡನ್ನು ನೋಡುತ್ತಿತ್ತು, ಏಳುತ್ತಿರಲಿಲ್ಲ. “ಇವ ಸಿರಿಕ್ಕವೇ ಮಾಟ್ಟೇಂಗರಾ” ಎಂದಳು ಒಂದು ದಿನ. ನಗುವುದೇ ಇಲ್ಲ ಇವಳು. ನಾನು ಅದು ಶಿಸ್ತು ಎಂದೆ. ಅಷ್ಟೇ ಅಲ್ಲ, ಕಛೇರಿಯಲ್ಲಿ ನನ್ನ ಪಕ್ಕದ ಮೇಜಿನವರು ತಮ್ಮ ಲ್ಯಾಬ್ರಡಾರ್ ನಾಯಿ ಬೀದಿಯಲ್ಲಿ ಎಳೆದಾಡುತ್ತದೆ ಎಂದು ಹೇಳಿಕೊಂಡಾಗ, ಕೇಳದಿದ್ದರೂ ಮಾಸ್ಟರ ನಂಬರು ಬರೆದುಕೊಟ್ಟೆ. “ಕಣ್ಣು ಮುಚ್ಚಿ ಕಳಿಸಿ” ಎಂದಿದ್ದೆ.

ಒಂದೂವರೆ ತಿಂಗಳು ಹೀಗೆ ನಡೆಯಿತು. ಒಂದು ಭಾನುವಾರ ಬೆಳಿಗ್ಗೆ ಅಮ್ಮ ಹಾಲ್‌ನಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದಳು. ಒಂದು ಬೀನ್ಸ್ ಉರುಳಿ ನಾಯಿಯ ಬೆನ್ನ ಹಿಂದೆ ಹೋಯಿತು. ಅಮ್ಮ ಒಂದು ಕೈಯನ್ನು ನೆಲಕ್ಕೆ ಊರಿ ಇನ್ನೊಂದನ್ನು ಚಾಚಿದಳು. ಮುಂಗೈ ಅದರ ಸೊಂಟಕ್ಕೆ ತಾಗಿತು. ನಾಯಿ ಗುರುಗುಟ್ಟಲಿಲ್ಲ, ಹಲ್ಲು ತೋರಿಸಲಿಲ್ಲ. ತಿರುಗಿ ಕಚ್ಚಿತು. ಹೆಬ್ಬೆರಳ ಬುಡದಲ್ಲಿ ಆಳವಾಗಿ ಎರಡು ಹಲ್ಲು. ನಾನು ಅಡುಗೆಮನೆಯಿಂದ ಓಡಿಬರುವಷ್ಟರಲ್ಲಿ ನಾಯಿ ಮಂಚದ ಕೆಳಗೆ ಹೋಗಿ ಗೋಡೆಗೆ ಮುಖ ಮಾಡಿ ನಡುಗುತ್ತಿತ್ತು. ಅಮ್ಮ ತನ್ನ ಕೈಯನ್ನೇ ನೋಡುತ್ತಾ ಕೂತಿದ್ದಳು.

ನಲ್ಲಿಯ ಕೆಳಗೆ ಸೋಪು ಹಾಕಿ ಕೈ ತೊಳೆಸಿ ಆಸ್ಪತ್ರೆಗೆ ಕರೆದೊಯ್ದೆವು. ನಾಯಿಗೆ ಎಲ್ಲ ಲಸಿಕೆ ಆಗಿದ್ದರೂ ಅಮ್ಮನಿಗೆ ಇಂಜೆಕ್ಷನ್ ಕೊಟ್ಟರು. ಎಂಬತ್ತರ ಹತ್ತಿರದ ತೆಳು ಚರ್ಮ. ಕಟ್ಟು ಕಟ್ಟುವಾಗ ಅವಳು ತುಟಿ ಕಚ್ಚಿಕೊಂಡಿದ್ದಳು. ಮರಳುವಾಗ ಕಾರಿನಲ್ಲಿ ನನ್ನ ಗಂಡ, “ಸಾಕು. ಅದನ್ನ ಯಾವುದಾದ್ರೂ ನಾಯಿಗಳ ಆಶ್ರಮಕ್ಕೆ ಬಿಟ್ಟುಬಿಡೋಣ” ಎಂದರು. ಮಗಳು ಕಿಟಕಿಯ ಕಡೆ ತಿರುಗಿ ಕೂತಳು. ಆಗ ಅಮ್ಮ ಮಾತಾಡಿದಳು.

“ತಪ್ಪು ಅದರದ್ದಲ್ಲ ಕಣೇ. ಮುಂಚೆ ಗುರ್ ಅಂತಿತ್ತು, ನಾನು ಸರ್ಕೊಂಡು ಹೋಗ್ತಿದ್ದೆ. ನಾವಿಬ್ಬರೂ ಅಡ್ಜಸ್ಟ್ ಮಾಡ್ಕೊಂಡಿದ್ವಿ. ಎಣ್ಣೂರಿಂದ ಬಂದ್ಮೇಲೆ ಅದಕ್ಕೆ ಬಾಯೇ ಇಲ್ಲ, ಪಾವಂ. ಹೇಳೋಕೆ ಬಿಡ್ದೆ ಇದ್ರೆ ಇನ್ನೇನ್ ಮಾಡತ್ತೆ?”

ನನ್ನ ಕೈಚೀಲದಲ್ಲಿ ರಿಮೋಟು ಇತ್ತು.

ಮರುದಿನ ರಜೆ ಹಾಕಿ ನಾಯಿಯನ್ನು ಪಶುವೈದ್ಯರ ಹತ್ತಿರ ಕರೆದೊಯ್ದೆ. ಅವರು ಮೊದಲು ಕುತ್ತಿಗೆಯ ಪಟ್ಟಿ ಬಿಚ್ಚಿದರು. ಒಳಬದಿಯಲ್ಲಿ ಎರಡು ಲೋಹದ ಮೊನೆಗಳಿದ್ದವು. ಅವು ಒತ್ತಿದ್ದ ಕಡೆ ಕೂದಲು ಉದುರಿ, ಎರಡು ದುಂಡು ಹುಣ್ಣುಗಳಾಗಿದ್ದವು. ಒಂದರಲ್ಲಿ ಕೀವು. ನಾನು ದಿನವೂ ಅನ್ನ ಹಾಕುತ್ತಿದ್ದ ನಾಯಿ ಅದು. ಕೂದಲು ಸರಿಸಿ ನೋಡಿರಲಿಲ್ಲ. ವೈದ್ಯರು ನನ್ನ ಮುಖ ನೋಡಲಿಲ್ಲ, ಹುಣ್ಣು ತೊಳೆಯುತ್ತಲೇ, “ನಾನು ಒಂದು ನಂಬರ್ ಕೊಟ್ಟಿದ್ದೆನಲ್ಲ” ಎಂದರು.

ಆ ದಿನ ಮಧ್ಯಾಹ್ನ ಆ ಹೆಂಗಸಿಗೆ ಎರಡನೆಯ ಸಲ ಫೋನ್ ಮಾಡಿ, ನಾಯಿ ಅಮ್ಮನನ್ನು ಕಚ್ಚಿದ್ದು ಹೇಳಿದೆ. “ನೀವು ಮುಂಚೆ ಒಂದ್ಸಲ ಮಾತಾಡಿದ್ದಿರಿ, ಅಲ್ವಾ? ಲಿಫ್ಟ್ ವಿಷಯ” ಎಂದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. “ನಿಮ್ಮ ತಾಯಿಯ ಕೈ ಹೇಗಿದೆ?” ಎಂದು ಕೇಳಿದರು. ಆಮೇಲೆ, ಸೊಂಟದ ಎಕ್ಸ್-ರೇ ತೆಗೆಸಿ, ಅದನ್ನು ನೋಡದೆ ನಾನು ಏನೂ ಶುರುಮಾಡುವುದಿಲ್ಲ ಎಂದರು.

ಎಕ್ಸ್-ರೇಯಲ್ಲಿ ಸೊಂಟದ ಮೂಳೆ ಯಾವಾಗಲೋ ಮುರಿದು ಸೊಟ್ಟಗೆ ಕೂಡಿಕೊಂಡದ್ದು ಕಂಡಿತು. ಮರಿಯಾಗಿದ್ದಾಗ ಯಾವುದಾದರೂ ಗಾಡಿ ತಗುಲಿರಬೇಕು ಎಂದರು ವೈದ್ಯರು. ಕೀಲು ಸವೆಯುತ್ತಿತ್ತು. ಮೇಲಿನ ಮಹಡಿಯವರ ಚೀಲ ತಗುಲಿದ್ದು ಅಲ್ಲೇ, ಅಮ್ಮನ ಕೈ ತಗುಲಿದ್ದೂ ಅಲ್ಲೇ. ನಾನು ಅಡುಗೆಮನೆಯ ಬಾಗಿಲಲ್ಲಿ ಕಾಲೆತ್ತಿದಾಗ ಅದು ಹೇಳಿದ್ದು, ಅಲ್ಲಿ ತುಳಿಯಬೇಡ ಎಂದು. ನಾನು ಗುಂಡಿ ಒತ್ತಿದ್ದೆ.

ಆ ಹೆಂಗಸು ನಮ್ಮ ಮನೆಗೆ ಬಂದದ್ದು ಶನಿವಾರ. ಹತ್ತಿಯ ಕುರ್ತಾ, ಹೆಗಲಿಗೆ ಒಂದು ಚೀಲ, ವಯಸ್ಸು ನಲವತ್ತರ ಆಸುಪಾಸು. ನಾಯಿಯನ್ನು ಮಾತಾಡಿಸಲೇ ಇಲ್ಲ. ಬಾಗಿಲ ಹತ್ತಿರ ನೆಲದ ಮೇಲೆ ಕೂತು, ಬೇಯಿಸಿದ ಕೋಳಿಯ ಚೂರುಗಳನ್ನು ತಮ್ಮಿಂದ ದೂರಕ್ಕೆ ಒಂದೊಂದಾಗಿ ಎಸೆಯುತ್ತಾ ನಮ್ಮೊಡನೆ ಮಾತಾಡಿದರು. ಅಮ್ಮನಿಗೆ ಕೋಳಿ ಮನೆಯೊಳಗೆ ಬಂದದ್ದೇ ಮೊದಲು. ಆದರೂ ಅವಳು ಎದ್ದುಹೋಗದೆ, ಕಟ್ಟು ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು.

“ನಾನು ಮಾಡೋದೆಲ್ಲ ನಿಮ್ಮ ಎದುರಿಗೇ ಮಾಡ್ತೀನಿ” ಎಂದರು ಅವರು. “ಯಾವುದಾದರೂ ನಿಮ್ಮ ಮನಸ್ಸಿಗೆ ಸರಿಕಾಣದಿದ್ದರೆ ನಿಲ್ಸಿ ಅನ್ನಿ, ನಿಲ್ಲಿಸ್ತೀನಿ. ನೋವಿನ ಮಾತ್ರೆ ಡಾಕ್ಟರ ಕೆಲಸ, ಅದರಲ್ಲಿ ನಾನು ಕೈ ಹಾಕಲ್ಲ, ಅವರ ಹತ್ತಿರ ಮಾತಾಡ್ತೀನಿ. ಒಂದ್ಸಲ ಕಚ್ಚಿದ ನಾಯಿ ಮತ್ತೆ ಕಚ್ಚಲ್ಲ ಅಂತ ನಾನು ಹೇಳೋಕಾಗಲ್ಲ. ನನ್ನಿಂದ ಆಗದಿದ್ದರೆ ಆಗಲ್ಲ ಅಂತ ಹೇಳ್ತೀನಿ.” ತಾವು ನೋಡಿಕೊಂಡ ಮೂರು ನಾಯಿಗಳ ಮನೆಯವರ ನಂಬರು ಕೊಟ್ಟು, ಅವರು ಒಪ್ಪಿದ್ದಾರೆ, ಬೇಕಾದರೆ ಮಾತಾಡಿ ನೋಡಿ ಎಂದರು. ಒಬ್ಬರಿಗೆ ಅಷ್ಟಾಗಿ ಪ್ರಯೋಜನವಾಗಲಿಲ್ಲ, ಅವರ ಹತ್ತಿರವೂ ಕೇಳಿ ಎಂದೂ ಸೇರಿಸಿದರು.

ಮತ್ತೆ ಪ್ರಶ್ನೆಗಳು ಶುರುವಾದವು. ಈ ಸಲ ನಾವೆಲ್ಲರೂ ಉತ್ತರ ಕೊಟ್ಟೆವು. ಎಣ್ಣೂರಿನ ಮಾತು ಬಂದಾಗ ಅವರು ಕೇಳಿದರು. “ಅಲ್ಲಿದ್ದಾಗ ಯಾರಾದರೂ ಹೋಗಿ ನೋಡಿದ್ದಿರಾ?”

ಮಗಳು ತಟ್ಟನೆ ಹೇಳಿದಳು. “ಅಮ್ಮ ಪೋಯಿ ಪಾತ್ತಾಂಗ.”

ಅವರು ನನ್ನ ಕಡೆ ತಿರುಗಿದರು. ಪೆನ್ನು ಕಾಗದದ ಮೇಲಿತ್ತು. ನಾನು ಹೂಂ ಎಂದಿದ್ದರೆ ಅದನ್ನೂ ಬರೆದುಕೊಳ್ಳುತ್ತಿದ್ದರು. ಬೇವಿನ ಮರ, ನೀರಿನ ತೊಟ್ಟಿ ಎಲ್ಲವೂ ಆ ಕಾಗದಕ್ಕೆ ಹೋಗುತ್ತಿತ್ತು, ಮತ್ತು ಅದನ್ನು ನಂಬಿ ಅವರು ನಾಯಿಗೆ ಏನು ಮಾಡಬೇಕೆಂದು ಯೋಚಿಸುತ್ತಿದ್ದರು.

“ನಾನು ಒಳಗೆ ಹೋಗಲಿಲ್ಲ” ಎಂದೆ. “ಗೇಟಿನವರೆಗೆ ಹೋಗಿದ್ದೆ. ಅವರು ಬಿಡಲಿಲ್ಲ. ಒಳಗೆ ಅದು ಕೂಗಿದ್ದು ಕೇಳಿಸ್ತು. ನಮ್ಮದೇ ಅಂತ ಗೊತ್ತಿತ್ತು. ಬಂದ್ಬಿಟ್ಟೆ.” ಅಷ್ಟಕ್ಕೇ ನಿಲ್ಲಿಸಲಾಗಲಿಲ್ಲ. ಪಟ್ಟಿಯ ವಿಷಯ, ರಿಮೋಟಿನ ವಿಷಯ, ಎಷ್ಟು ಸಲ ಒತ್ತಿದೆ ಎಂಬುದನ್ನೂ ಹೇಳಿದೆ. ಎದ್ದು ಕೈಚೀಲದಿಂದ ರಿಮೋಟು ತಂದು ಅವರ ಮುಂದಿಟ್ಟೆ.

ನನ್ನ ಗಂಡ ನೆಲ ನೋಡುತ್ತಿದ್ದರು. ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಹದಿನಾರು ವರ್ಷ. ಅಲ್ಲಿಯವರೆಗೆ ನನ್ನನ್ನು ಹಾಗೆ ನೋಡಿದ್ದಿಲ್ಲ. ತಮಿಳಿನಲ್ಲಲ್ಲ, ತಡವರಿಸುವ ತನ್ನ ಕನ್ನಡದಲ್ಲಿ ಕೇಳಿದಳು.

“ಬಾಲ ಆಡಿಸ್ತು ಅಂತ ಯಾಕೆ ಹೇಳ್ದೆ?”

ಉಳಿದದ್ದಕ್ಕೆಲ್ಲ ಏನಾದರೂ ಕಾರಣ ಕೊಡಬಹುದಿತ್ತು. ಅದಕ್ಕೆ ಕಾರಣವಿರಲಿಲ್ಲ.

ಬಂದ ಹೆಂಗಸು ನನಗೆ ಸಮಾಧಾನ ಹೇಳಲಿಲ್ಲ, ದೂರಲೂ ಇಲ್ಲ. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು. “ಇದು ಗೊತ್ತಾಗಿದ್ದು ಒಳ್ಳೇದಾಯ್ತು. ಅವಳು ಗುರುಗುಟ್ಟೋದನ್ನ ಯಾಕೆ ನಿಲ್ಲಿಸಿದಳು ಅನ್ನೋದು ಇಲ್ಲಿದೆ. ಇನ್ಮೇಲೆ ಗುರುಗುಟ್ಟಿದರೆ ಯಾರೂ ಗದರಬೇಡಿ, ಹಿಂದೆ ಸರಿಯಿರಿ. ಅಜ್ಜಿ ಮಾಡ್ತಿದ್ದ ಹಾಗೆ” ಎಂದರು. ಅಮ್ಮ ತಲೆಯಾಡಿಸಿದಳು.

ದಿನವೂ ಮಾತ್ರೆ, ಮೆತ್ತನೆಯ ಹಾಸಿಗೆ, ಯಾರೂ ದಾಟದ ಒಂದು ಮೂಲೆ. ಲಿಫ್ಟಿಗೆ ಜನವಿಲ್ಲದ ಹೊತ್ತಿನಲ್ಲಿ ಹೋಗುವುದು. ಬಾಯಿಗೆ ಬುಟ್ಟಿಯಂಥ ಒಂದು ಜಾಲರಿಯನ್ನು ತಾನಾಗಿಯೇ ಹಾಕಿಸಿಕೊಳ್ಳುವಂತೆ, ಒಳಗೆ ಬೆಣ್ಣೆ ಸವರಿ, ಮೂರು ವಾರ ಕಲಿಸಿದರು. ಸಂಘದವರಿಗೆ ಅವರೇ ಒಂದು ಕಾಗದ ಬರೆದು, ಏನು ಮಾಡುತ್ತಿದ್ದೇವೆ ಎಂದು ತಿಳಿಸಿದರು. ಕಾರ್ಯದರ್ಶಿ ಗೊಣಗುತ್ತಲೇ ಒಪ್ಪಿದರು. ನಾಲ್ಕನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅಮ್ಮ ನನ್ನನ್ನು ಕೂಗಿ ಕರೆದಳು. “ಬಾರೇ ಇಲ್ಲಿ, ಕೇಳು.” ಪೊರಕೆ ಹಿಡಿದು ಅದರ ಮೂಲೆಯ ಹತ್ತಿರ ಹೋಗಿದ್ದಳು. ನಾಯಿ ಗಂಟಲಲ್ಲಿ ಸಣ್ಣಗೆ ಗುರ್ರ್ ಎನ್ನುತ್ತಿತ್ತು. ಅಮ್ಮ ಪೊರಕೆ ಕೆಳಗಿಟ್ಟು, ಹಿಂದೆ ಸರಿದು, ಮಗುವಿಗೆ ಮಾತು ಬಂದಂತೆ ನನ್ನ ಮುಖ ನೋಡಿದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನನ್ನೊಡನೆ ಅದು ಈಗಲೂ ಪೂರ್ತಿ ಸಲೀಸಾಗಿಲ್ಲ. ಮಗಳ ಕಾಲಿನ ಮೇಲೆ ತಲೆಯಿಟ್ಟು ಮಲಗುತ್ತದೆ. ನಾನು ಹತ್ತಿರ ಕೂತರೆ ಎದ್ದುಹೋಗುವುದಿಲ್ಲ, ಆದರೆ ಕಣ್ಣು ಮುಚ್ಚುವುದೂ ಇಲ್ಲ. ಮಗಳು ಆ ಸುಳ್ಳಿನ ಬಗ್ಗೆ ಮತ್ತೆ ಕೇಳಲಿಲ್ಲ. ಆದರೆ ಎಷ್ಟೋ ತಿಂಗಳು, ನಾನು ಏನಾದರೂ ಹೇಳಿದರೆ ಅವಳು ಅಪ್ಪನನ್ನೋ ಅಜ್ಜಿಯನ್ನೋ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳುತ್ತಿದ್ದಳು. ಪಶುವೈದ್ಯರು ಏನೆಂದರು, ಮಾತ್ರೆ ಕೊಟ್ಟಾಯಿತೇ, ಅಂಥವು. ನಾನು ಸುಮ್ಮನೆ ಮಾತ್ರೆಯ ಪೊಟ್ಟಣವನ್ನು ಎತ್ತಿ ತೋರಿಸುತ್ತಿದ್ದೆ.

ಇನ್ನೊಂದು ಬಾಕಿ ಇತ್ತು. ಎಕ್ಸ್-ರೇ ಬಂದ ವಾರವೇ ನಾನು ಪಕ್ಕದ ಮೇಜಿನವರಿಗೆ ಆ ಮಾಸ್ಟರ್ ಬೇಡ ಎಂದು ಹೇಳಿದೆ. ಅವರ ಲ್ಯಾಬ್ರಡಾರ್ ಆಗಲೇ ಎಣ್ಣೂರಿಗೆ ಹೋಗಿ ಬಂದಿತ್ತು. “ನಲ್ಲಾದಾನೇ ಇರುಕ್ಕು ಮೇಡಂ, ಚೆನ್ನಾಗೇ ಇದೆ, ಈಗ ಎಳೆಯೋದೇ ಇಲ್ಲ. ನೀವೇ ಚೆನ್ನಾಗಿದೆ ಅಂದಿದ್ದಿರಿ, ಈಗ ನೀವೇ ಬೇಡ ಅಂತೀರಾ?” ಎಂದರು. ಪಟ್ಟಿಯ ಕೆಳಗೆ ಒಮ್ಮೆ ನೋಡಿ ಎಂದೆ. ಅವರು ಕಡತ ತೆರೆದು ಓದತೊಡಗಿದರು. ಆಮೇಲೆ ನಮ್ಮ ನಡುವೆ ಕೆಲಸದ ಮಾತಷ್ಟೇ ಉಳಿಯಿತು. ಎರಡು ಸಲ ನಾನಾಗಿ ವಿಷಯ ಎತ್ತಿದೆ, ಎರಡು ಸಲವೂ ಅವರು ಎದ್ದು ಹೋದರು. ಮೂರನೆಯ ಸಲ ಎತ್ತುವ ಧೈರ್ಯವಾಗಲಿಲ್ಲ.

ಅವರು ನಿವೃತ್ತರಾದ ದಿನ ಕಛೇರಿಯಲ್ಲಿ ಸಣ್ಣ ಸಮಾರಂಭವಿತ್ತು. ಅವರ ಹೆಂಡತಿಯೂ ಬಂದಿದ್ದರು. ಬಜ್ಜಿಯ ತಟ್ಟೆ ಹಿಡಿದು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. “ನೀವೇ ಅಲ್ವಾ ನಾಯಿ ಮೇಡಂ? ನಮ್ಮದು ಮಂಚದ ಕೆಳಗಿಂದ ಬರೋದೇ ಇಲ್ಲ. ಇವರು ನಿಮ್ಮ ಹತ್ತಿರ ಕೇಳಬೇಡ ಅಂದಿದ್ದಾರೆ. ಇನ್ನೊಬ್ಬರು ಯಾರೋ ಇದ್ದಾರಂತಲ್ಲ?”

ನಂಬರು ಕೊಟ್ಟೆ. ಈ ಸಲ ಕಣ್ಣು ಮುಚ್ಚಿ ನಂಬಿ ಎನ್ನಲಿಲ್ಲ. “ಅವರನ್ನೂ ಪ್ರಶ್ನೆ ಕೇಳಿ. ಹೇಗೆ ಮಾಡ್ತೀರಿ ಅಂತ ಕೇಳಿ. ಬೇಜಾರು ಮಾಡ್ಕೊಳ್ಳಲ್ಲ” ಎಂದೆ. ಮೊದಲ ದಿನ ಜೊತೆಗೆ ಬರಲೇ ಎಂದು ಕೇಳಿದೆ. ಬನ್ನಿ ಎಂದರು.

ಹೀಗೆ ಒಂದು ಭಾನುವಾರ ಅವರ ಮನೆಯ ಹಾಲ್‌ನಲ್ಲಿ ನಾವು ಐದು ಜೀವಗಳಿದ್ದೆವು. ಗಂಡ ಹೆಂಡತಿ ಸೋಫಾದಲ್ಲಿ, ಆ ಹೆಂಗಸು ಎಂದಿನಂತೆ ಬಾಗಿಲ ಹತ್ತಿರ ನೆಲದ ಮೇಲೆ, ನಾನು ಗೋಡೆಗೊರಗಿ, ಒಳಕೋಣೆಯ ಮಂಚದ ಕೆಳಗೆ ಆ ದೊಡ್ಡ ಬಿಳಿಹಳದಿ ನಾಯಿ. ಅದರ ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಆ ಹೆಂಗಸು ಕಾಗದ ತೆಗೆದು ಒಂದೊಂದೇ ಕೇಳುತ್ತಾ ಬಂದರು.

“ಆ ಜಾಗಕ್ಕೆ ಕಳಿಸಬೇಕು ಅಂತ ಹೇಗೆ ತೀರ್ಮಾನ ಮಾಡಿದಿರಿ? ಯಾರಾದರೂ ಹೇಳಿದ್ರಾ?”

ನನ್ನ ಹಳೆಯ ಸಹೋದ್ಯೋಗಿ ಹೆಂಡತಿಯ ಮುಖ ನೋಡಿದರು. ಅವರ ಹೆಂಡತಿ ಸೆರಗು ಸರಿಮಾಡಿಕೊಂಡರು. ನಾನು ಸುಮ್ಮನಿದ್ದಿದ್ದರೆ ಅವರಿಬ್ಬರೂ ನನ್ನ ಮರ್ಯಾದೆ ಉಳಿಸಲು ಏನಾದರೂ ಸುಳ್ಳು ಹೇಳುತ್ತಿದ್ದರು ಎಂದು ನನಗನ್ನಿಸುತ್ತದೆ, ಅಂಥ ಜನ ಅವರು.

“ನಾನು ಹೇಳಿದ್ದೆ” ಎಂದೆ.

ಅವರು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು.